ಅವಳ ಸೆಟ್ಟಿಗೆ ಹಾಕಿದ ಟೋನ್

ವಾಕಿಟಾಕಿಯಲ್ಲಿ ಯಾರದೋ ಗಂಡು ದನಿ ಕೇಳಿದೊಡನೆ ಕ್ರೇನಿನ ಗೂಡಿನಲ್ಲಿದ್ದ ಹುಡುಗಿಯ ಕಿವಿ ಕೆಂಪಾಯಿತು. ರಿಪೇರಿಗೆಂದು ಏಣಿ ಹತ್ತಿ ಬಂದಿದ್ದವನು ಆ ಕಿವಿ ನೋಡಿಯೇ ಮನಸ್ಸು ಕಳೆದುಕೊಂಡ. ಅದು ಕೆಂಪಾದದ್ದು ತನಗಾಗಿ ಅಲ್ಲ ಎಂಬುದು ಅವನಿಗೂ ಗೊತ್ತಿತ್ತು.

"ಎದುರು ಸೈಟಿನವರ ಮಾತು ನಿಮ್ಮ ಸೆಟ್ಟಿಗೆ ನುಗ್ತಿದೆಯಂತೆ. ಅವರು ಇಳಿಸು ಅಂದಾಗ ನೀವು ಇಳಿಸಿಬಿಟ್ರೆ ಕೆಳಗಿದ್ದೋರ ಗತಿ ಏನು?"

"ಆ ದನಿ ನಂಗೆ ಗೊತ್ತಾಗತ್ತೆ. ಇರ್ಲಿ ಬಿಡಿ."

ರಸ್ತೆಯಾಚೆಯೂ ಕಟ್ಟಡ ಏಳುತ್ತಿತ್ತು, ಎರಡೂ ಕಡೆ ಒಂದೇ ಚಾನೆಲ್. ಊಟದ ಹೊತ್ತಿಗೆ ಅಲ್ಲಿನ ಕ್ರೇನಿನವನು ಕರೆಯುತ್ತಿದ್ದ, ಇವಳು ಓಗೊಡುತ್ತಿದ್ದಳು. ಮುಖ ನೋಡದೆಯೇ ಇಬ್ಬರೂ ಮನಸ್ಸು ಕೊಟ್ಟಾಗಿತ್ತು.

ಚಾನೆಲ್ಲನ್ನೇ ಬದಲಿಸಿದ್ದರೆ ಮುಗಿಯುತ್ತಿತ್ತು. ಆದರೆ ರಿಪೇರಿಯವನು ಈ ಸೈಟಿನ ಸೆಟ್ಟುಗಳಿಗೆ ಟೋನ್ ಹಾಕಿದ, ಮಾತಿನ ಜೊತೆ ಹೋಗುವ, ಕಿವಿಗೆ ಕೇಳದ ಗುರುತಿನ ಸದ್ದು. ಇನ್ನು ಆ ಟೋನ್ ಇಲ್ಲದ ದನಿಗೆ ಅವಳ ಸೆಟ್ಟು ಬಾಯಿ ಬಿಡುವುದಿಲ್ಲ. ಅವಳ ಮಾತು ಮಾತ್ರ ಅತ್ತ ಮೊದಲಿನಂತೆಯೇ ಕೇಳುತ್ತದೆ.

"ಆ ಕಡೆಯವರು ಮಾತಾಡಿದ್ರೆ ಕೇಳಿಸತ್ತೆ ತಾನೇ?"

"ಕೇಳಿಸತ್ತೆ. ಗರಗರ ಮಾತ್ರ ಇರಲ್ಲ," ಎಂದು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ.

ಅವನ ಸೊಂಟದ ಸೆಟ್ಟಿಗೆ ಟೋನ್ ಇರಲಿಲ್ಲ. ಅದರಲ್ಲಿ ಎದುರು ಕ್ರೇನಿನವನ ಮಾತೆಲ್ಲ ಕೇಳುತ್ತಿತ್ತು. "ಕೆಳಗಿನವರ ಜೊತೆ ಚೆನ್ನಾಗೇ ಮಾತಾಡ್ತೀರಿ, ನಂಗೊಂದು ಹೂಂ ಅನ್ನೋಕಾಗಲ್ವಾ? ತಪ್ಪಾಗಿದ್ರೆ ಹೇಳಿ."

ರಿಪೇರಿಯವನು ಸೆಟ್ಟಿನ ದನಿ ಸಣ್ಣಗೆ ಮಾಡಿ, ಚಹಾ ಹಿಡಿದು ಏಣಿ ಹತ್ತಿದ.

"ಇವತ್ತೂ ಸಪ್ಪೆ ಮುಖಾನಾ?"

"ಒಬ್ರು ಮಾತು ಬಿಟ್ಟಿದ್ದಾರೆ. ದಿನಾ ಅವರೇ ಮೊದ್ಲು ಕರೀತಿದ್ರು. ನಾನಾಗಿ ಕರೆಯಲ್ಲ."

"ಮುಖ ತೋರಿಸದೋರನ್ನ ನಂಬ್ಕೊಂಡು ಕೂತ್ರೆ ಹಿಂಗೇ," ಎಂದ. ಹೇಳಲು ಅವನಿಗೆ ನಾಚಿಕೆಯೂ ಆಗಲಿಲ್ಲ.

ಅವಳು ಅತ್ತಳು, ಮುನಿದಳು, ಬರಬರುತ್ತ ಇವನ ಚಹಾಕ್ಕೆ ಕಾಯತೊಡಗಿದಳು. ಮದುವೆಯ ಮಾತೆತ್ತಿದಾಗ ಓರೆಗಣ್ಣಿನಲ್ಲಿ ನೋಡಿದಳು.

"ನಾಳೆ ಊಟದ ಹೊತ್ತಿಗೆ ಸೆಟ್ಟಲ್ಲೇ ಹೇಳ್ತೀನಿ. ಕೇಳಬೇಕಾದೋರೆಲ್ಲ ಕೇಳಲಿ."

ಮರುದಿನ ಅವನು ಏಣಿಯ ಬುಡದಲ್ಲಿ ಸೆಟ್ಟಿನ ದನಿ ಪೂರ್ತಿ ಏರಿಸಿಕೊಂಡು ನಿಂತ.

"ಒಪ್ಪಿದ್ದೀನಿ, ರಿಪೇರಿ ಸಾಹೇಬ್ರೇ. ಮನೆಗೆ ಬಂದು ಅಮ್ಮನ್ನ ಕೇಳಿ."

ಏದುಸಿರು ಬಿಡುತ್ತ ಮೇಲೆ ಹತ್ತಿದ. ಆ ಖುಷಿಯಲ್ಲಿ ದನಿ ಇಳಿಸುವುದು ಮರೆತುಹೋಗಿತ್ತು. ಗೂಡಿನ ಬಾಗಿಲಲ್ಲಿ ಅವಳ ಕೈ ಹಿಡಿದಾಗ ಅವನ ಸೊಂಟದ ಸೆಟ್ಟು ಮಾತಾಡಿತು.

"ಕೇಳಿಸ್ತು. ದಿನಾ ಕರೆದೆ, ಒಂದಿನಾನೂ ಓಗೊಡಲಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತು. ಚೆನ್ನಾಗಿರಿ. ನಾನಿನ್ನು ಈ ಕೆಲಸಕ್ಕೆ ಬರಲ್ಲ."

ಅವಳು ತನ್ನ ಸೆಟ್ಟಿನ ಕಡೆ ನೋಡಿದಳು. ಅದು ಸುಮ್ಮನೆ ಬಿದ್ದಿತ್ತು. ಕೈ ಕೊಸರಿಕೊಂಡು ಅವನ ಸೆಟ್ಟು ಕಿತ್ತುಕೊಂಡಳು, ಕರೆದಳು, ಮತ್ತೆ ಕರೆದಳು. ರಸ್ತೆಯಾಚೆಯ ಏಣಿಯಲ್ಲಿ ಒಬ್ಬ ಇಳಿಯುತ್ತಿದ್ದ. ಇಷ್ಟು ದೂರದಿಂದ ಬೆನ್ನು ಮಾತ್ರ ಕಾಣುತ್ತಿತ್ತು.

"ನಿಮ್ಮ ಸೆಟ್ಟೂ ಕೆಟ್ಟಿದೆಯಾ?"

"ಇಲ್ಲ," ಎಂದ ರಿಪೇರಿಯವನು. "ಅವನು ಆಫ್ ಮಾಡಿದ್ದಾನೆ."