ಅಮ್ಮನ ಫೋನ್ ದನಿ

"ಅಯ್ಯೋ, ನಿಮ್ಮ ಗಿಳಿ ಎಷ್ಟು ಮುದ್ದಾಗಿದೆ ಸರ್! ನನ್ನನ್ನ ಕೇಳಿದ್ದಕ್ಕೆ ತುಂಬಾ ಖುಷಿ ಆಯ್ತು. ಆದ್ರೆ ಈಗ ಕೈತುಂಬ ಕೆಲಸ. ದಯವಿಟ್ಟು ಬೇಜಾರು ಮಾಡ್ಕೋಬೇಡಿ."

ಅಮ್ಮ ಫೋನ್ ಇಟ್ಟು ಉಸ್ಸೆಂದಳು. "ಚಿತ್ರದಲ್ಲಿ ಗಿಳಿ ತಲೆ ಮೇಲೆ ಕಿರೀಟ ಬೇಕಂತೆ! ಸಾಲದು ಅಂತ ಕುದುರೆ ಮೇಲೆ ಬೇರೆ ಕೂರಿಸಬೇಕಂತೆ!"

ಚಿನಕುರಳಿ ಬಿದ್ದು ಬಿದ್ದು ನಕ್ಕಳು. ಒಂದು ನಿಮಿಷವೂ ಬಾಯಿ ಮುಚ್ಚುವುದಿಲ್ಲ ಎಂದು ಅಮ್ಮನೇ ಅವಳಿಗೆ ಇಟ್ಟ ಹೆಸರು ಅದು.

ಅಮ್ಮ ಮನೆಯಲ್ಲೇ ಕೂತು ಆರ್ಡರ್ ಮೇಲೆ ಚಿತ್ರ ಬರೆಯುತ್ತಿದ್ದಳು. ಯಾರದೋ ನಾಯಿ, ಯಾರದೋ ಮಗು. ಬೇಡದ ಆರ್ಡರ್ ಬಂದರೆ ಸಾಕು, ಜೇನಿನಂಥ ದನಿ ತೆಗೆಯುತ್ತಿದ್ದಳು. ಚಿನಕುರಳಿಗೆ ಅದು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ. ಕ್ಲಾಸಿನಲ್ಲೂ ಶುರು ಹಚ್ಚಿಕೊಂಡಿದ್ದಳು. "ಕೇಳಿದ್ದಕ್ಕೆ ಖುಷಿ ಆಯ್ತು ಕಣೇ, ಆದ್ರೆ ರಬ್ಬರ್ ಕೊಡಲ್ಲ!"

ಗೋಡೆ ತುಂಬ ಚಿತ್ರಗಳಿದ್ದವು. ಚಿನಕುರಳಿಯದು ಒಂದೂ ಇರಲಿಲ್ಲ. ಪಕ್ಕದ ಮನೆ ಬೆಕ್ಕಿನ ಮೀಸೆಯನ್ನು ಅಮ್ಮ ಎಷ್ಟು ಹೊತ್ತು ನೋಡಿದ್ದಳು! ತನ್ನನ್ನು ಹಾಗೆ ನೋಡಿದ್ದು ಯಾವಾಗ?

"ಅಮ್ಮಾ, ನನ್ನ ಚಿತ್ರ ಬರೀತೀಯಾ?"

ಅಮ್ಮ ತಲೆ ಎತ್ತಲಿಲ್ಲ. ಬ್ರಶ್ ಓಡುತ್ತಲೇ ಇತ್ತು. "ಕೇಳಿದ್ದಕ್ಕೆ ತುಂಬಾ ಖುಷಿ ಆಯ್ತು. ಆದ್ರೆ ಈಗ ಕೈತುಂಬ ಕೆಲಸ..."

ಅದೇ ಜೇನಿನ ದನಿ. ಚಿನಕುರಳಿ ಶೂ ಬಿಚ್ಚುವ ನೆಪ ಮಾಡಿಕೊಂಡು ಬಾಗಿಲ ಕಡೆ ತಿರುಗಿ ಕೂತಳು.

ಸದಾ ವಟಗುಟ್ಟುವವಳ ದನಿ ನಿಂತದ್ದು ಅಮ್ಮನಿಗೆ ತಿಳಿಯಿತೇನೋ. ಬ್ರಶ್ ನಿಂತಿತು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ನಾನು ಯಾರ ಹತ್ರ ಮಾತಾಡ್ತಿದ್ದೆ?"

"ಗಿರಾಕಿ ಹತ್ರ," ಎಂದಳು ಚಿನಕುರಳಿ, ತಿರುಗದೆ.

ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ಗಿಳಿಯವರೇ.

"ಕ್ಷಮಿಸಿ ಸರ್, ಕುದುರೆ ಬಿಟ್ರೂ ಆಗಲ್ಲ. ನಿಮಗಿಂತ ಮುಂಚೆ ಒಬ್ರು ಕೇಳಿದ್ದಾರೆ. ಪಾಪ, ತುಂಬಾ ಕಾಯಿಸ್ಬಿಟ್ಟೆ." ಈ ಸಲ ದನಿಯಲ್ಲಿ ಜೇನಿರಲಿಲ್ಲ.

ಅಮ್ಮ ಫೋನ್ ಆಫ್ ಮಾಡಿದಳು. ಕಿಟಕಿಯ ಬಳಿ ಸ್ಟೂಲ್ ಎಳೆದಳು. "ಬಾ, ಕೂತ್ಕೋ."

ಚಿನಕುರಳಿ ಕೂತಳು. ಅಮ್ಮ ನೋಡಿದಳು. ಹಣೆ, ಕಣ್ಣು, ಗಲ್ಲ. ಮತ್ತೆ ನೋಡಿದಳು.

"ಹುಬ್ಬಿನ ಹತ್ರ ಇದೇನೇ ಗಾಯದ ಗುರುತು?"

"ಸ್ಪೋರ್ಟ್ಸ್ ಡೇ ದಿನ ಬಿದ್ದೆ. ಹೇಳಿದ್ದೆ."

ಅಮ್ಮ ಸ್ಟೂಲಿನ ಹತ್ತಿರಕ್ಕೆ ಬಂದಳು. ಆ ಗುರುತನ್ನೇ ತುಂಬಾ ಹೊತ್ತು ನೋಡಿದಳು. ಚಿನಕುರಳಿಗೆ ಮೂಗು ತುರಿಸುತ್ತಿತ್ತು, ಕಾಲು ಜೋಮು ಹಿಡಿದಿತ್ತು. ಆದರೂ ಅವಳು ಪಿಟ್ಟೆನ್ನಲಿಲ್ಲ.

"ಆಯ್ತು ನೋಡು," ಎಂದು ಅಮ್ಮ ಹಾಳೆ ತಿರುಗಿಸಿದಳು.

ಥೇಟ್ ಅವಳೇ. ಹುಬ್ಬು, ಗುರುತು, ಕಿವಿ, ಎಲ್ಲ ಸರಿಯಾಗಿಯೇ ಇತ್ತು. ಅದನ್ನು ಹಾಕಲು ಗೋಡೆಯಲ್ಲಿ ಜಾಗ ಎಲ್ಲಿದೆ ಎಂದು ಚಿನಕುರಳಿ ನೋಡಲೇ ಇಲ್ಲ.

"ಕಿವಿ ಸರಿ ಇಲ್ಲಮ್ಮ," ಎಂದಳು. "ಇನ್ನೊಂದ್ಸಲ ನೋಡಿ ಬರಿ."

ಮತ್ತೆ ಹೋಗಿ ಸ್ಟೂಲಿನ ಮೇಲೆ ಕೂತಳು.