ಹೆಸರಿಲ್ಲದ ಗುಳಿಗಿ

ದ್ರಾಕ್ಷಿ ಕತ್ತರಿಯ ತುದಿ ನನ್ನ ಗಂಟಲಿಗೆ ಒತ್ತಿತ್ತು.

ಮಧ್ಯಾಹ್ನ ಎರಡು ಗಂಟೆ. ಬಬಲೇಶ್ವರದ ಒಂದು ದವಾಖಾನೆಯ ಹಿತ್ತಲು. ಕತ್ತರಿ ಹಿಡಿದವನು ಅಲ್ಲಿನ ಕಂಪೌಂಡರ್ ಬಾಬು.

“ಯಾರ ಕಳಿಸ್ಯಾರಲೇ ನಿನ್ನ? ಇನ್‌ಸ್ಪೆಕ್ಷನ್ನಿನವರಾ?”

“ಯಾರೂ ಇಲ್ಲ. ಒಂದು ಗುಳಿಗಿ ಹೆಸರು ಬೇಕಾಗೇತಿ.”

“ಹೆಸರು ಹೇಳಾಕ ನನಗೇನ ಹುಚ್ಚ ಹಿಡದೈತಿ?”

ಕೇಳಿ, ವಿಷಯ ಇಷ್ಟೇ. ಬಿಜ್ಜರಗಿಯ ಆಮ್ರಪಾಲಿ ಸೈಕಲ್ ರೇಸಿನವಳು. ಹತ್ತೊಂಬತ್ತು ವರ್ಷ. ನಾಳೆ ವಿಜಯಪುರದಲ್ಲಿ ರೇಸು... ಗೆದ್ದರೆ ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ. ನಿನ್ನೆ ಮನೆ ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದರು. ಹುಡುಗಿಗೆ ದಮ್ಮು ಕಟ್ಟಿತು. ತುಟಿ ನೀಲಿಯಾಯಿತು. ಅವ್ವ ರುಕ್ಮವ್ವ ಅವಳನ್ನು ತನ್ನ ತವರಿನ ಈ ಡಾಕ್ಟರನ ಹತ್ತಿರ ಎಳೆತಂದಳು.

ಯಾವ ಗುಳಿಗಿ ನುಂಗುವ ಮೊದಲೂ ಆಮ್ರಪಾಲಿ ಸ್ಟ್ರಿಪ್ಪಿನ ಫೋಟೋ ತೆಗೆದು ಕೋಚ್ ಅನುಜಾಗೆ ಕಳಿಸುವವಳು.

ಇಲ್ಲಿ ಸ್ಟ್ರಿಪ್ಪೇ ಇಲ್ಲ.

ಈ ಡಾಕ್ಟರ್ ಗುಳಿಗಿ ಬಿಡಿಸಿ ಪೇಪರಿನಲ್ಲಿ ಕಟ್ಟಿಕೊಡುತ್ತಾನೆ. ಹೆಸರು ತಿಳಿದರೆ ಮಂದಿ ಮುಂದಿನ ಸಲ ಸೀದಾ ಮೆಡಿಕಲ್ ಶಾಪಿಗೆ ಹೋಗುತ್ತಾರಲ್ಲ! ಚೀಟಿಯನ್ನೂ ಬರೆಯುವುದಿಲ್ಲ. ಹುಡುಗಿ ಹೆಸರು ಕೇಳಿದಳಂತೆ. ದಮ್ಮಿನದು, ಸುಮ್ಮನೆ ತಗೋ ಅಂದನಂತೆ. ಉಸಿರು ನಿಲ್ಲುವ ಹೊತ್ತಿನಲ್ಲಿ ಯಾರು ವಾದಿಸುತ್ತಾರೆ? ನಿನ್ನೆ ಒಂದು, ಇವತ್ತು ಬೆಳಿಗ್ಗೆ ಒಂದು ನುಂಗಿದಳು. ಮೂರನೆಯದು ನನ್ನ ಜೇಬಿನಲ್ಲಿತ್ತು.

ಅದು ಆಟಗಾರರಿಗೆ ನಿಷೇಧದ ಪಟ್ಟಿಯಲ್ಲಿದ್ದು ಅವಳು ರೇಸಿಗೆ ಇಳಿದರೆ, ಡೋಪ್ ಟೆಸ್ಟಿನಲ್ಲಿ ಸಿಕ್ಕಿಬೀಳುತ್ತಾಳೆ. ಪಟ್ಟಿಯಲ್ಲಿ ಇಲ್ಲದಿದ್ದೂ ಹಿಂದೆ ಸರಿದರೆ, ನೌಕರಿ ವೃಥಾ ಹೋಯಿತು. ಸಂಜೆ ಐದಕ್ಕೆ ರೇಸಿನ ನಂಬರ್ ಹಂಚುತ್ತಾರೆ, ಅಷ್ಟರೊಳಗೆ ತಿಳಿಯಬೇಕು.

ಇಂಥ ಕೆಲಸಕ್ಕೆ ಮಂದಿ ನನ್ನನ್ನೇ ಕರೆಯುತ್ತಾರೆ.

ಬಾಬುವಿನ ಕಾಲ ಬಳಿ ಕಸ ಹೊಗೆಯಾಡುತ್ತಿತ್ತು. ಅದರಲ್ಲಿ ಅರ್ಧ ಸುಟ್ಟ ಸ್ಟ್ರಿಪ್ಪುಗಳು...

ಮೊಣಕಾಲು ಎತ್ತಿ ಅವನ ಹೊಟ್ಟೆಗೆ ಕೊಟ್ಟೆ. ಅವನು ಮಡಚಿಕೊಂಡ. ಕೈ ಸುಟ್ಟುಕೊಂಡು ಒಂದು ಹಿಡಿ ಸ್ಟ್ರಿಪ್ ಬಾಚಿದೆ. ಹಿತ್ತಲಾಚೆಯ ಸಂತೆಯ ಉಳ್ಳಾಗಡ್ಡಿ ರಾಶಿ ಹಾರಿದೆ. ತಿಕೋಟಾ ಕಡೆ ಹೊರಟ ಜೀಪಿಗೆ ಜೋತುಬಿದ್ದೆ.

ಹಿಂದೆ ಬಾಬುವಿನ ಬೈಕು!

ಜೀಪಿನಲ್ಲಿ ಕೂತು ಗುಳಿಗಿಯನ್ನು ಒಂದೊಂದೇ ಸ್ಟ್ರಿಪ್ಪಿನ ಕುಳಿಗೆ ಇಟ್ಟು ನೋಡಿದೆ. ದೊಡ್ಡದು. ಉದ್ದನೆಯದು. ಒಂದಕ್ಕೆ ಮಾತ್ರ ಸರಿಯಾಗಿ ಕೂತಿತು. ಅದರ ಮೇಲೆ ಹೆಸರು ಉಳಿದಿತ್ತು: ಪ್ರೆಡ್ನಿಸೋಲೋನ್. ಸ್ಟೀರಾಯ್ಡ್.

ತಿಕೋಟಾದಲ್ಲಿ ಜೀಪು ನಿಂತಿತು. ಬಾಬು ಬಂದು ನನ್ನ ಕಾಲರ್ ಹಿಡಿದ. ಸ್ಟ್ರಿಪ್ಪನ್ನು ಅವನ ಮೂಗಿನ ಮುಂದೆ ಹಿಡಿದೆ.

“ಇದ ಅಲ್ಲೇನು?”

ಕಾಲರ್ ಸಡಿಲವಾಯಿತು.

“ಡಾಕ್ಟರ್ ಹೆಸರು ಎಲ್ಲೂ ಹೇಳಬ್ಯಾಡ್ರಿ ಮತ್ತ.”

ಇಷ್ಟು ಹೊತ್ತು ಲೇ ಅನ್ನುತ್ತಿದ್ದವನು ‘ರಿ’ ಹಚ್ಚಿದ. ಇನ್ನು ಯಾವ ಸಾಕ್ಷಿ ಬೇಕು?

ನಾಲ್ಕೂವರೆ. ವಿಜಯಪುರದ ಮೈದಾನ. ಅನುಜಾ ಸ್ಟ್ರಿಪ್ ಓದಿ ತಲೆ ಅಲ್ಲಾಡಿಸಿದಳು. ಇದನ್ನು ನುಂಗಿ ರೇಸಿಗೆ ಇಳಿಯುವಂತಿಲ್ಲ. ಅಳತೆಯೊಳಗೆ ಇನ್‌ಹೇಲರ್ ಆಗಿದ್ದರೆ ನಡೆಯುತ್ತಿತ್ತು. ಪ್ರಾಣಕ್ಕೇ ಬಂದಿತ್ತು ಅಂತ ಡಾಕ್ಟರ್ ತಪಾಸಣೆಯ ವಿವರ ಬರೆದುಕೊಟ್ಟರೆ ವಿಶೇಷ ಅನುಮತಿಯನ್ನಾದರೂ ಕೇಳಬಹುದು. ಅಲ್ಲಿಂದಲೇ ಆ ಡಾಕ್ಟರನಿಗೆ ಫೋನ್ ಮಾಡಿದಳು. ಆಮ್ರಪಾಲಿ ಅನ್ನುವವಳನ್ನು ನಾನು ನೋಡೇ ಇಲ್ಲ ಅಂದನಂತೆ.

ಆಮ್ರಪಾಲಿ ನಂಬರ್ ಹಂಚುವ ಮೇಜಿನ ಹತ್ತಿರ ಹೋಗಿ ಪಟ್ಟಿಯಲ್ಲಿದ್ದ ತನ್ನ ಹೆಸರಿನ ಮೇಲೆ ತಾನೇ ಗೆರೆ ಎಳೆದಳು. ವಾಪಸ್ ಬಂದು ನನ್ನ ಪಕ್ಕ ಕೂತಳು.

“ಅಣ್ಣಾ, ಉಸಿರು ಇಷ್ಟು ಸಲೀಸ ಎಂದೂ ಆಡಿದ್ದಿಲ್ಲ ನೋಡ.”

ಆ ಡಾಕ್ಟರನ ಮೇಲೆ ಸಾವಿರ ದೂರು ಹೇಳಬಹುದು... ಗುಳಿಗಿ ಕೆಲಸ ಮಾಡಲಿಲ್ಲ ಅಂತ ಮಾತ್ರ ಹೇಳುವ ಹಾಗಿಲ್ಲ.