ಎರಡನೇ ಪುಟದ ಕೆಂಪು ದೀಪ

"ಈ ಟೇಪ್ ಯಾರು ಅಂಟಿಸಿದ್ದು?"

ಮೆಕ್ಯಾನಿಕ್ ಹುಡುಗಿಯ ಧ್ವನಿ ಗ್ಯಾರೇಜಿನ ತಗಡಿನ ಮಾಡಿಗೆ ಬಡಿದು ವಾಪಸ್ ಬಂತು.

ಹೊರಗೆ ಮಳೆಯೂ ಅಲ್ಲದ, ಹಿಮವೂ ಅಲ್ಲದ ಏನೋ ಒಂದು ಬೆಳಗಿನಿಂದ ಸುರಿಯುತ್ತಿತ್ತು. ಒಳಗೆ ಆಗಷ್ಟೇ ಬಂದು ನಿಂತ ಎಸ್‌ಯುವಿಯಿಂದ ಕೆಸರು ನೀರು ತೊಟ್ಟಿಕ್ಕುತ್ತಿತ್ತು. ಅದರ ಡ್ಯಾಶ್‌ಬೋರ್ಡಿನ ಮೇಲೆ ಬೆರಳುದ್ದದ ಕಪ್ಪು ಟೇಪು!

"ನಾನೇ ಮೇಡಂ..." ಡ್ರೈವರ್ ತಲೆ ಕೆರೆದುಕೊಂಡ. "ಎರಡು ಲೈಟ್ ಬಂತು. ಹಿಂದೆ ಕೂತಿರೋ ಅಜ್ಜಿ ಹೆದರ್ಕೋತಾರೆ ಅಂತ..."

"ನಂಗ್ಯಾವ ಹೆದರಿಕೆ?" ಹಿಂದಿನ ಸೀಟಿನಿಂದ ಅಜ್ಜಿ ಕಂಬಳಿ ಸರಿಸಿ ತಲೆ ಹೊರಹಾಕಿದರು. "ಲೈಟ್ ಬಂದಾಗಿಂದ ಅಯ್ಯೋ ಅಯ್ಯೋ ಅಂತಿದ್ದವನು ಇವನೇ ಕಣಮ್ಮ!"

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಇವತ್ತು ನಗು ಬರಲಿಲ್ಲ. ಒಂದೇ ಎಳೆತಕ್ಕೆ ಟೇಪು ಕಿತ್ತಳು. ಕೆಳಗೆ ಎರಡು ಹಳದಿ ದೀಪಗಳು ಉರಿಯುತ್ತಿದ್ದವು. ಒಂದರಲ್ಲಿ ಎಬಿಎಸ್ ಎಂಬ ಅಕ್ಷರ, ಇನ್ನೊಂದರಲ್ಲಿ ಜಾರುತ್ತಿರುವ ಕಾರಿನ ಚಿತ್ರ.

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಕಾಣಲ್ವಾ? ಹಳದಿ ಬಂದ್ರೆ ಬ್ರೇಕ್ ಇರುತ್ತೆ, ಆದ್ರೆ ಚಕ್ರ ಜಾರಿದಾಗ ಗಾಡಿ ನಿಮ್ಮ ಸಹಾಯಕ್ಕೆ ಬರಲ್ಲ. ನಿಧಾನವಾಗಿ ಗ್ಯಾರೇಜಿಗೆ ಬರ್ಬೇಕು. ಕೆಂಪು ಬಂದ್ರೆ ಅಲ್ಲೇ ನಿಲ್ಲಿಸ್ಬೇಕು. ಒಂದು ಹೆಜ್ಜೆನೂ ಮುಂದೆ ಹೋಗ್ಬಾರ್ದು. ಟೇಪ್ ಹಾಕಿದ್ರೆ ಯಾವುದು ಬಂತು ಅಂತ ಯಾರಿಗೆ ಗೊತ್ತಾಗುತ್ತೆ? ಮೇಲೆ ಹೋದ್ಮೇಲೆ ಗೊತ್ತಾಗುತ್ತಾ?"

ಅವನು ಬೈಸಿಕೊಳ್ಳುತ್ತಲೇ ಅವಳ ಕೈಯನ್ನು ನೋಡುತ್ತಿದ್ದ. ಟೇಪು ಹಿಡಿದ ಆ ಕೈ ನಡುಗುತ್ತಿತ್ತು.

'ಇವರು ಕೋಪ ಮಾಡ್ಕೊಂಡಿಲ್ಲ... ಹೆದರಿದ್ದಾರೆ!' ಅಂದುಕೊಂಡ.

ಅವನ ಊಹೆ ಸರಿಯಾಗಿತ್ತು. ಮೂರು ವರ್ಷದ ಹಿಂದೆ ಅವಳ ಭಾವ ಇಂಥದೇ ಒಂದು ದಿನ ಘಾಟಿ ಇಳಿದಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಬಂದಿತ್ತು. ಯಾವುದೋ ಗ್ಯಾರೇಜಿನವನು ದೋಷ ಹುಡುಕದೆ ಲೈಟ್ ಮಾತ್ರ ಆರಿಸಿ, "ಆಯ್ತು ಸಾರ್, ಹೋಗಿ" ಅಂದಿದ್ದ. ಭಾವ ಮನೆಗೆ ಬರಲಿಲ್ಲ. ಅಕ್ಕ ಮಾತ್ರ ತವರಿಗೆ ಬಂದಳು.

ಅಂದಿನಿಂದ ಅವಳಿಗೆ ಒಂದು ಕಟ್ಟುನಿಟ್ಟು. ಗಾಡಿಗೆ ಚುಚ್ಚಿದ ಸ್ಕ್ಯಾನರ್ ತೋರಿಸಿದ ಪ್ರತಿ ದೋಷದ ಕೋಡನ್ನೂ ಪುಸ್ತಕದಲ್ಲಿ ಬರೆಯದೆ ಒಂದು ದೀಪವನ್ನೂ ಆರಿಸುತ್ತಿರಲಿಲ್ಲ. ರಿಪೇರಿಯಾದ ಮೇಲೆ ಒದ್ದೆ ರಸ್ತೆಯಲ್ಲಿ ಓಡಿಸಿ ನೋಡದೆ ಗಾಡಿ ಕೊಡುತ್ತಿರಲಿಲ್ಲ. ಸುತ್ತಲಿನ ಡ್ರೈವರುಗಳೆಲ್ಲ ಅವಳನ್ನು ಸ್ಕ್ಯಾನರ್ ಅಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಆ ಗ್ಯಾರೇಜು ನಿಂತಿದ್ದೇ ಅವಳಿಂದ.

ಅವತ್ತಿನ ದೋಷ ದೊಡ್ಡದೇನಲ್ಲ. ಚಕ್ರದ ವೇಗ ಅಳೆಯುವ ಸೆನ್ಸರಿನ ಮೇಲೆ ಕೆಸರು ಹಿಮ ಮೆತ್ತಿ ಗಟ್ಟಿಯಾಗಿತ್ತು. ಬಿಸಿ ಗಾಳಿ ಬಿಟ್ಟು ಕರಗಿಸಿ, ಒರೆಸಿದಳು. ಆಮೇಲೆ ಅವನು ಓಡಿಸಿದ, ಅವಳು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತಳು. ಪರದೆಯ ಮೇಲೆ ನಾಲ್ಕು ಚಕ್ರಕ್ಕೆ ನಾಲ್ಕು ಅಂಕಿ. ನಾಲ್ಕೂ ಒಟ್ಟಿಗೆ ಏರಿದವು, ಒಟ್ಟಿಗೆ ಇಳಿದವು.

"ಪಾಸಾ ಮೇಡಂ?"

"ಗಾಡಿ ಪಾಸು. ಡ್ರೈವರ್ ಫೇಲು."

ಹಿಂದಿನಿಂದ ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕರು.

ಹೀಗೆ ಶುರುವಾಯಿತು.

ಅವನದು ಆಸ್ಪತ್ರೆಯ ಗಾಡಿ. ವಾರಕ್ಕೆ ಮೂರು ದಿನ, ಅಜ್ಜಿಯೂ ಸೇರಿ ಮೂವರು ರೋಗಿಗಳನ್ನು ಘಾಟಿಯ ಕೆಳಗಿನ ಊರಿಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು, ಸಂಜೆ ವಾಪಸ್ ತರಬೇಕು. ರಸ್ತೆ ಹೇಗೇ ಇರಲಿ, ಹೋಗದೆ ಇರುವಂತಿಲ್ಲ. ಹಾಗಾಗಿ ಆ ಚಳಿಗಾಲವಿಡೀ ಗಾಡಿಗೆ ಏನಾದರೊಂದು ಆಗುತ್ತಲೇ ಇತ್ತು. ಏನೂ ಆಗದಿದ್ದಾಗಲೂ ಅವನು ಬರತೊಡಗಿದ!

"ಏನೋ ಸದ್ದು ಬರ್ತಿದೆ ಮೇಡಂ."

"ಎಲ್ಲಿಂದ?"

"ಅದೇ... ಗೊತ್ತಾಗ್ತಿಲ್ಲ."

ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ಕೆಮ್ಮುತ್ತಿದ್ದರು. ಆ ಕೆಮ್ಮು ಕೆಮ್ಮಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಆದರೆ ಅವಳೊಳಗೆ ಖುಷಿಗಿಂತ ಮೊದಲು ಬೆಳೆದದ್ದು ಭಯ. ಅವನು ಘಾಟಿ ಇಳಿಯುವ ದಿನ ಹೊತ್ತು ಇಳಿಯುತ್ತಲೇ ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದಳು. ಸಂಜೆ ಆ ಗಾಡಿಯ ಹಾರ್ನ್ ಕೇಳಿಸುವ ತನಕ ಜೀವ ಕೈಯಲ್ಲಿ ಹಿಡಿದುಕೊಂಡೇ ಇರುತ್ತಿದ್ದಳು.

'ಅಕ್ಕನೂ ಹೀಗೇ ಬಾಗಿಲು ಕಾಯ್ತಿದ್ದಳಲ್ವಾ? ನನಗೆ ಬೇಡ... ಇದು ಬೇಡವೇ ಬೇಡ!'

ಬೇಡ ಅಂದ ಮಾತ್ರಕ್ಕೆ ಮನಸ್ಸು ಕೇಳುತ್ತದೆಯೇ?

ಒಂದು ಮಂಗಳವಾರ ಮಧ್ಯಾಹ್ನ ಮತ್ತೆ ಅದೇ ಎರಡು ಹಳದಿ ದೀಪ ಹೊತ್ತು ಬಂದ. ಎರಡು ದಿನ ಬಿಡದೆ ಹಿಮ ಬಿದ್ದು ಕರಗಿತ್ತು. ಅವಳು ಸ್ಕ್ಯಾನರ್ ಚುಚ್ಚಿದಳು. ಪರದೆಯಲ್ಲಿ ಕೋಡುಗಳು ಮೂಡುತ್ತಿದ್ದಂತೆ ಅವನು ಪಕ್ಕದ ಸೀಟಿನಲ್ಲಿ ಕೂತು, ಮೆಲ್ಲಗೆ ಕೇಳಿದ.

"ಒಂದ್ಮಾತು ಕೇಳ್ಲಾ? ಕೋಪ ಮಾಡ್ಕೋಬಾರ್ದು."

"ಕೇಳಿ."

"ನಾನು ಸಂಜೆ ವಾಪಸ್ ಬಂದಾಗ ನೀವು ಗೇಟಿನ ಹತ್ರ ನಿಂತಿರ್ತೀರಲ್ಲ... ಅದು ನನಗಾಗಿನಾ?"

ಅವಳ ಎದೆ ಧಸಕ್ಕೆಂದಿತು. ಕಿವಿ ಬಿಸಿಯಾಯಿತು. ಪೆನ್ನು ಹಿಡಿದು, ಕಣ್ಣಿಗೆ ಕಂಡ ಎರಡು ಕೋಡು ಗೀಚಿ, ಅಳಿಸುವ ಗುಂಡಿ ಒತ್ತಿಬಿಟ್ಟಳು.

"ಗೇಟಿಗೆ ಬೀಗ ಹಾಕೋಕೆ ನಿಂತಿರ್ತೀನಿ," ಅಂದಳು.

ಎಡಗಡೆ ಮುಂದಿನ ಚಕ್ರದ ಸೆನ್ಸರ್ ವೈರು ಹಿಮಗಡ್ಡೆಗೆ ಸಿಕ್ಕಿ ಉಜ್ಜಿಹೋಗಿತ್ತು. ಹೊಸದು ಹಾಕಿದಳು. ಬ್ರೇಕ್ ಆಯಿಲ್ ಡಬ್ಬಿ ನೋಡಿದಳು. ಆಯಿಲ್ ಕೆಳಗಿನ ಗೆರೆಗೆ ಹತ್ತಿರವಿತ್ತು. 'ಬ್ರೇಕ್ ಪ್ಯಾಡ್ ಸವೆದಿದೆ, ಅದಕ್ಕೆ ಇಳಿದಿದೆ. ಮುಂದಿನ ವಾರ ಬದಲಿಸಿದರಾಯ್ತು,' ಎಂದು ಮುಚ್ಚಳ ಹಾಕಿದಳು. ಸಪಾಟು ರಸ್ತೆಯಲ್ಲಿ ಓಡಿಸಿ ನೋಡಿದರು. ನಾಲ್ಕು ಅಂಕಿಯೂ ಸರಿಯಿದ್ದವು. ದಾರಿಯುದ್ದಕ್ಕೂ ಅವಳು ಅವನತ್ತ ತಿರುಗಲಿಲ್ಲ.

ಅವನು ಹೊರಟನೆಂದು ತಿಳಿದು ಅಪ್ಪನ ಬಳಿ ಬಂದು ಒಂದೇ ಉಸಿರಿಗೆ ಹೇಳಿದಳು.

"ಅಪ್ಪಾ, ಆ ಗಾಡಿ ಇನ್ನು ನಮ್ಮ ಗ್ಯಾರೇಜಿಗೆ ಬೇಡ. ಬೇರೆ ಕಡೆ ಹೋಗ್ಲಿ. ನಂಗೆ ಅದರ ಮುಖ ನೋಡೋಕೂ ಇಷ್ಟ ಇಲ್ಲ!"

"ಗಾಡಿ ಮುಖನೋ, ಡ್ರೈವರ್ ಮುಖನೋ?" ಅಪ್ಪ ಕೇಳಿದರು.

"ಎರಡೂ!"

ಬಾಗಿಲಲ್ಲಿ ಯಾರೋ ನಿಂತ ಸದ್ದು. ತಿರುಗಿದರೆ ಅವನು! ಮರೆತ ಕೈಗವಸು ತೆಗೆದುಕೊಳ್ಳಲು ಬಂದಿದ್ದ. ಮುಖ ಸಪ್ಪಗಾಗಿತ್ತು.

"ಸರಿ ಮೇಡಂ," ಅಂದ. "ಇನ್ನು ತೊಂದ್ರೆ ಕೊಡಲ್ಲ."

'ನಿಲ್ಲಿ!' ಅನ್ನಬೇಕೆಂದಿದ್ದಳು. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು.

ಮರುದಿನ ಬೆಳಗ್ಗೆ ಹತ್ತು ಗಂಟೆ. ಇನ್ನಾರದೋ ಕಾರಿಗೆಂದು ಸ್ಕ್ಯಾನರ್ ಆನ್ ಮಾಡಿದಳು. ಹಿಂದಿನ ದಿನದ ವರದಿ ತೆರೆದುಕೊಂಡಿತು. ಅಳಿಸುವ ಮೊದಲು ಯಂತ್ರ ತಾನೇ ಉಳಿಸಿಟ್ಟುಕೊಂಡಿತ್ತು.

ಪರದೆಯ ಮೂಲೆಯಲ್ಲಿ ಚಿಕ್ಕದಾಗಿ ಬರೆದಿತ್ತು: ಪುಟ ಒಂದು, ಒಟ್ಟು ಎರಡು.

ಅವಳು ಸ್ಕ್ಯಾನರನ್ನು ಮೇಜಿನ ಮೇಲಿಟ್ಟಳು.

ಪುಸ್ತಕ ತೆಗೆದು ನೋಡಿದಳು. ಎರಡೇ ಕೋಡು. ಎರಡನೇ ಪುಟವನ್ನು ಅವಳು ತೆರೆದೇ ಇರಲಿಲ್ಲ! ಪುಟ ತಿರುಗಿಸುವ ಗುಂಡಿ ಒತ್ತಿದಳು.

ಬ್ರೇಕ್ ಆಯಿಲ್ ಮಟ್ಟ ಕಡಿಮೆ. ಬಂದು ಹೋಗುವ ದೋಷ.

ಪ್ಯಾಡ್ ಸವೆದಿದ್ದಕ್ಕೆ ದೀಪ ಬರುವಷ್ಟು ಆಯಿಲ್ ಇಳಿಯುವುದಿಲ್ಲ. ಎಲ್ಲೋ ಆಯಿಲ್ ಸೋರುತ್ತಿದೆ. ಸಪಾಟು ನೆಲದಲ್ಲಿ ಕೆಂಪು ದೀಪ ಬರುವುದಿಲ್ಲ, ಇಳಿಜಾರಿನಲ್ಲಿ ಆಯಿಲ್ ವಾಲಿದಾಗ ಬರುತ್ತದೆ. ಇವತ್ತು ಬುಧವಾರ. ಡಯಾಲಿಸಿಸ್ ದಿನ. ಈಗ ಅವನು...

"ಅಪ್ಪಾ!"

ಫೋನ್ ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಗಾಡಿ ಓಡಿಸುವಾಗ ಅವನು ಫೋನ್ ಎತ್ತುವುದಿಲ್ಲ. ಆ ಅಭ್ಯಾಸ ಕಲಿಸಿದವಳೂ ಅವಳೇ! ಮತ್ತೆ ಮಾಡಿದಳು. ಈ ಸಲ ರಿಂಗೂ ಆಗಲಿಲ್ಲ.

'ನಾನೂ ಆ ಗ್ಯಾರೇಜಿನವನ ಹಾಗೇ ಆಗ್ಬಿಟ್ಟೆ. ಲೈಟ್ ಆರಿಸಿ ಕಳಿಸಿಬಿಟ್ಟೆ... ನಾನೇ ಕಳಿಸಿಬಿಟ್ಟೆ!'

ನಿಂತಲ್ಲೇ ಕಂಬವಾದಳು. ಮಹಡಿಯ ಮೆಟ್ಟಿಲಿಳಿದು ಬಂದ ಅಕ್ಕ ತಂಗಿಯ ಮುಖ ನೋಡಿದಳು, ಪರದೆ ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅವತ್ತು ನನಗೆ ಸುದ್ದಿ ಬಂದಾಗ ಎಲ್ಲಾ ಮುಗಿದಿತ್ತು," ಅಕ್ಕ ಅವಳ ಭುಜ ಹಿಡಿದು ಅಲ್ಲಾಡಿಸಿದಳು. "ನಿನಗಿನ್ನೂ ಮುಗಿದಿಲ್ಲ. ಆಸ್ಪತ್ರೆಗೆ, ರಸ್ತೆಯ ಹಿಮ ತೆಗೆಯೋರಿಗೆ ನಾನು ಫೋನ್ ಮಾಡ್ತೀನಿ. ನೀನು ಹೋಗೇ!"

ಅಪ್ಪ ಮಾತಿಲ್ಲದೆ ಹಳೇ ಪಿಕಪ್ಪಿನ ಕೀಲಿ ಚಾಚಿದರು.

ಘಾಟಿಯ ರಸ್ತೆ ಗಾಜಿನಂತೆ ಹೊಳೆಯುತ್ತಿತ್ತು. ವೈಪರ್ ಒರೆಸಿದಷ್ಟೂ ಬಿಳಿ. ಒಂದು ತಿರುವು... ಇಲ್ಲ. ಎರಡನೆಯದು... ಇಲ್ಲ. ಪ್ರತಿ ತಿರುವಿನಲ್ಲೂ ಕಣಿವೆಯ ಕಡೆಯ ತಡೆಗೋಡೆ ಮುರಿದಿದೆಯೇ ಎಂದು ನೋಡುತ್ತಿದ್ದಳು.

'ದೇವರೇ, ಅವರಿಗೆ ಏನೂ ಆಗ್ದೇ ಇರ್ಲಿ. ನನ್ನ ಮುಖ ನೋಡದಿದ್ರೂ ಪರ್ವಾಗಿಲ್ಲ. ಬದುಕಿರ್ಲಿ, ಸಾಕು.'

ಐದನೇ ತಿರುವಿನಲ್ಲಿ ಗಾಡಿ ಕಂಡಿತು.

ಗುಡ್ಡದ ಕಡೆಯ ಹಿಮದ ರಾಶಿಗೆ ಮೂತಿ ತುರುಕಿ ನಿಂತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಅಜ್ಜಿಯ ಕಂಬಳಿ ಒದ್ದೆ ಹಿಮದ ಮೇಲೆ ಬಿದ್ದಿತ್ತು.

ಅವಳು ಪಿಕಪ್ಪಿನಿಂದ ಹಾರಿ ಓಡಿದಳು, ಜಾರಿ ಬಿದ್ದಳು, ಎದ್ದಳು. ಗಾಡಿಯ ಹಿಂಬದಿಗೆ ಬಂದವಳ ಜೀವ ಬಾಯಿಗೆ ಬಂತು.

ಹಿಂದಿನ ಚಕ್ರದ ಪಕ್ಕ, ಗಾಡಿಯ ಕೆಳಗಿನಿಂದ ಎರಡು ಕಾಲುಗಳು ಹೊರಚಾಚಿದ್ದವು. ಅಲ್ಲಾಡುತ್ತಿರಲಿಲ್ಲ.

ಗಾಡಿಯ ಕೆಳಗಿಂದ ಚಾಚಿದ ಕಾಲುಗಳನ್ನು ದಿನಬೆಳಗಾದರೆ ನೋಡುವವಳು ಅವಳು. ಆ ಕ್ಷಣಕ್ಕೆ ಅದೊಂದೂ ನೆನಪಾಗಲಿಲ್ಲ. ಮಂಡಿಯೂರಿ, ಆ ಎರಡು ಕಾಲನ್ನೂ ತಬ್ಬಿ ಹಿಡಿದು ಜೋರಾಗಿ ಅಳತೊಡಗಿದಳು.

"ಅಯ್ಯಯ್ಯೋ!" ಗಾಡಿಯ ಕೆಳಗೆ ಠಣ್ ಎಂದು ತಲೆ ಬಡಿದ ಸದ್ದು. "ಯಾರ್ರೀ ಅದು? ಕಾಲು ಬಿಡ್ರೀ!"

ತೆವಳಿಕೊಂಡು ಹೊರಬಂದ. ಹಣೆ ಮೇಲೆ ಗ್ರೀಸು, ಕೈಯಲ್ಲಿ ಟಾರ್ಚು.

"ಮೇಡಂ...? ನೀವಿಲ್ಲಿ?"

"ಅಜ್ಜಿ? ಅವರೆಲ್ಲ ಎಲ್ಲಿ?"

"ಚೆನ್ನಾಗಿದ್ದಾರೆ. ಹಿಮ ತೆಗೆಯೋರ ವ್ಯಾನ್ ಬಂತು, ಅದರಲ್ಲಿ ಆಸ್ಪತ್ರೆಗೆ ಕಳಿಸ್ದೆ. ಅಜ್ಜಿಗೆ ಅವರ ಹೀಟರ್ ಸಿಕ್ಕಿದ್ದೇ ತಡ, ಕಂಬಳಿನೂ ಮರೆತು ಹೋದ್ರು." ಅವನು ನಗಲು ನೋಡಿದ. "ಈ ತಿರುವಿಗೆ ಬರೋ ಇಳಿಜಾರಲ್ಲಿ ಕೆಂಪು ಲೈಟ್ ಬಂತು. ಪೆಡಲ್ ಮೆತ್ತಗಾಯ್ತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಮದ ರಾಶಿಗೇ ನುಗ್ಗಿಸ್ದೆ. ಜಾರದಿರ್ಲಿ ಅಂತ ಚಕ್ರಕ್ಕೊಂದು ಕಲ್ಲೂ ಕೊಟ್ಟಿದ್ದೀನಿ. ಹಿಂದಿನ ಬ್ರೇಕ್ ಪೈಪ್ ಸೋರ್ತಿದೆ, ನೋಡಿ."

ಅವಳು ಪೈಪ್ ನೋಡಲಿಲ್ಲ.

"ತಪ್ಪು ನಂದು," ಅಂದಳು. "ನಿನ್ನೆ ಸ್ಕ್ಯಾನರಲ್ಲಿ ಎರಡನೇ ಪುಟ ಇತ್ತು. ಆಯಿಲ್ ಕಡಿಮೆ ಅಂತ ಅದರಲ್ಲೇ ಬರೆದಿತ್ತು. ನಾನು ನೋಡ್ಲೇ ಇಲ್ಲ. ನೋಡ್ದೆ ಅಳಿಸ್ಬಿಟ್ಟೆ. ಮೂರು ವರ್ಷದಲ್ಲಿ ಒಂದು ಗಾಡಿಗೂ ಹಾಗೆ ಮಾಡಿಲ್ಲ ನಾನು!"

"ಮತ್ತೆ ನನ್ನ ಗಾಡಿಗೆ ಯಾಕೆ...?"

"ಯಾಕಂದ್ರೆ ನೀವು ಪಕ್ಕದಲ್ಲಿ ಕೂತಿದ್ರಿ!" ಅವಳು ಚೀರಿದಳು. "ಗೇಟಿನ ಹತ್ರ ನಿಲ್ಲೋದು ನನಗಾಗಿನಾ ಅಂತ ಕೇಳಿದ್ರಿ! ಹೌದು, ನಿಮಗಾಗಿನೇ! ಬೀಗ ಹಾಕೋದು ಅಕ್ಕ! ನನಗೆ ಪರದೆ ಕಾಣ್ಲಿಲ್ಲ, ಪುಟ ಕಾಣ್ಲಿಲ್ಲ, ಏನೂ ಕಾಣ್ಲಿಲ್ಲ..."

ಅವನು ಗ್ರೀಸಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಇನ್ನೂ ಒರೆಸಿಕೊಂಡ.

"ಹಾಗಾದ್ರೆ ನಂದೂ ಒಂದು ತಪ್ಪಿದೆ," ಅಂದ ಮೆಲ್ಲಗೆ. "ಸೋಮವಾರ ಇಳಿಯುವಾಗ ಒಂದು ಕ್ಷಣ ಕೆಂಪು ಲೈಟ್ ಮಿಂಚಿ ಹೋಗಿತ್ತು. ನಿಮಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಯಾಕ್ರೀ?"

"ನೀವು ಮತ್ತೆ ಹೆದರ್ತೀರಿ ಅಂತ. ಮೊದಲ ದಿನ ನಿಮ್ಮ ಕೈ ನಡುಗಿದ್ದು ನೋಡಿದ್ನಲ್ಲ... ಆ ಕೈ ನನ್ನಿಂದ ಇನ್ನೊಂದ್ಸಲ ನಡುಗೋದು ಬೇಡ ಅನ್ನಿಸ್ತು."

ಅವಳಿಗೆ ಬಯ್ಯಬೇಕೋ, ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. "ಪೆದ್ದ! ಮುಠ್ಠಾಳ!" ಎನ್ನುತ್ತಲೇ ಅವನ ಒದ್ದೆ ಜಾಕೆಟ್ಟಿಗೆ ಹಣೆಯೊತ್ತಿದಳು. ಒಳಗೆ ಅವನ ಎದೆಯೂ ಅವಳದರಷ್ಟೇ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ನಿಮಗೂ ಭಯ ಆಗಿತ್ತಾ?" ತಲೆಯೆತ್ತದೆ ಕೇಳಿದಳು.

"ಪೆಡಲ್ ಕೆಳಗೆ ಹೋದಾಗ ಪ್ರಾಣವೇ ಹೋಯ್ತು ಅಂದ್ಕೊಂಡೆ. ಮೂರು ಜನ ಹಿಂದೆ ಕೂತಿದ್ರು. ಆಮೇಲೆ... ನಿನ್ನೆ ಮುಖ ಊದಿಸ್ಕೊಂಡು ಹೊರಟುಬಂದ್ನಲ್ಲ, ಅದೇ ಕೊನೇ ಮಾತಾಗ್ಬಿಡುತ್ತಾ ಅಂತ ಅನ್ನಿಸ್ತು."

ಅವಳು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ನನ್ನ ಭಯ ಹೋಗಲ್ಲ, ಗೊತ್ತಾ? ನೀವು ಘಾಟಿ ಇಳಿದಾಗೆಲ್ಲ ಹೆದರ್ತೀನಿ. ಮದುವೆಯಾದ್ರೂ ಹೆದರ್ತೀನಿ, ಮುದುಕಿಯಾದ್ರೂ ಹೆದರ್ತೀನಿ."

"ಮದುವೆ ಅಂದ್ರಾ?"

"ಮಾತು ಬದಲಿಸ್ಬೇಡಿ."

"ಇಲ್ಲಪ್ಪ." ಅವನು ಅವಳ ತೋಳಿಗೆ ಮೆತ್ತಿದ ಹಿಮ ಕೊಡವಿದ. "ಹೆದರಿ. ನಾನೂ ಹೆದರ್ತೀನಿ. ಒಬ್ಬರಿಗೊಬ್ಬರು ಮುಚ್ಚಿಡೋದು ಬೇಡ, ಅಷ್ಟೇ. ಇನ್ಮೇಲೆ ಇಬ್ಬರೂ ಸೇರಿ ಹೆದರೋಣ."

ಹಿಮ ಮತ್ತೆ ಬೀಳತೊಡಗಿತು. ಅವಳು ಕಣ್ಣೊರೆಸಿಕೊಂಡು ಇಳಿಜಾರನ್ನೂ ಗಾಡಿಯ ಚಕ್ರವನ್ನೂ ನೋಡಿದಳು.

"ಹೂಂ," ಅಂದಳು. "ಆದ್ರೆ ಮೊದಲು ಆ ಚಕ್ರಕ್ಕೆ ಇನ್ನೊಂದು ಕಲ್ಲು ಕೊಡಿ. ನಂಗೆ ಈಗ್ಲೇ ಭಯ ಆಗ್ತಿದೆ."